ಜೀಪು ಎತ್ತರಿಸಿದ ಮೇಲೆ ಬಂದ ನಡುಕ

ಹೊಸನಗರದ ಕಡೆ ಇರುವ ನಮ್ಮ ಭಾವನ ಅಡಿಕೆ ತೋಟಕ್ಕೆ ಇಳಿಯುವ ದಾರಿ, ಮಳೆಗಾಲ ಮುಗಿಯುವ ಹೊತ್ತಿಗೆ ದಾರಿಯಾಗಿ ಉಳಿದಿರುವುದಿಲ್ಲ. ಗಾಲಿಯ ಜಾಡುಗಳೆರಡೂ ಕಾಲುವೆಯಾಗಿ, ನಡುವೆ ಆಮೆಯ ಬೆನ್ನಿನಂಥ ದಿಬ್ಬ ಎದ್ದಿರುತ್ತದೆ. ಹಳೆಯ ಜೀಪಿನ ಹೊಟ್ಟೆ ಅದಕ್ಕೆ ಉಜ್ಜುತ್ತದೆಂದು ಭಾವ ಹಿಂದಿನ ಕಮಾನು ಪಟ್ಟಿಗಳಿಗೆ ಉದ್ದನೆಯ ಷ್ಯಾಕಲ್ (ಪಟ್ಟಿಯ ತುದಿಯನ್ನು ಗಾಡಿಯ ಚೌಕಟ್ಟಾದ ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿ ಗಾಡಿಯನ್ನು ಎತ್ತರಿಸಿದರು. ತೋಟದಲ್ಲಿ ಎಲ್ಲವೂ ಸರಿಯಿತ್ತು. ಶಿವಮೊಗ್ಗದ ರಸ್ತೆಗೆ ಬಂದು ವೇಗ 50 ದಾಟಿತೋ, ಸೀಟಿನ ಕೆಳಗಿನಿಂದ ಜುಮ್ಮೆನ್ನುವ ನಡುಕ ಶುರುವಾಗುತ್ತಿತ್ತು.

ಒಂದು ಗ್ಯಾರೇಜಿನಲ್ಲಿ, ಗೇರ್‌ಬಾಕ್ಸಿನ ತಿರುಗನ್ನು ಹಿಂದಿನ ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ಕ್ರಾಸ್ (ಶಾಫ್ಟಿನ ತುದಿಯ ಯೂನಿವರ್ಸಲ್ ಜಾಯಿಂಟಿನೊಳಗಿನ ಶಿಲುಬೆಯಾಕಾರದ ತುಂಡು) ಬದಲಾಯಿಸಿದರು, ನಾಲ್ಕೂ ಗಾಲಿಗೆ ಬ್ಯಾಲೆನ್ಸಿಂಗ್ ಮಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ನಡುಕ ಕದಲಲಿಲ್ಲ.

ನಡುಕಕ್ಕೂ ಒಂದು ತಾಳವಿರುತ್ತದೆ, ಮೊದಲು ಅದನ್ನು ಕೇಳಬೇಕಿತ್ತು. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಟೈರಿನ ಸುತ್ತಳತೆ 2.2 ಮೀಟರ್ ಇದ್ದರೆ ಗಾಲಿ ಸೆಕೆಂಡಿಗೆ ಏಳೆಂಟು ಸುತ್ತು ಹಾಕುತ್ತದೆ. ಗಾಲಿಯ ಒಂದು ಸುತ್ತಿಗೆ ಶಾಫ್ಟ್ ಸುಮಾರು ಐದು ಸುತ್ತುತ್ತದೆಂದು ಹಿಡಿದರೆ ಸೆಕೆಂಡಿಗೆ 38 ಸುತ್ತು. ಗಾಲಿಯ ತೂಕ ಹೆಚ್ಚುಕಡಿಮೆಯಾದರೆ ಸೆಕೆಂಡಿಗೆ ಏಳೆಂಟು ಸಲ ಕುಲುಕುತ್ತದೆ. ಶಾಫ್ಟಿನ ತೂಕ ತಪ್ಪಿದ್ದರೆ 38 ಸಲ. ಜಾಯಿಂಟಿನ ಕೋನ ತಪ್ಪಿದ್ದರೆ ಅದರ ಎರಡರಷ್ಟು, 76 ಸಲ. ಅಷ್ಟಾದರೆ ಅದು ಕುಲುಕಾಟವಲ್ಲ, ಗುಂಯ್‌ಗುಡುವಿಕೆ. ಭಾವನ ಜೀಪಿನದು ಇದೇ. ಅದೇ ವೇಗದಲ್ಲಿ ಗೇರ್ ಬದಲಿಸಿದರೂ, ನ್ಯೂಟ್ರಲ್ ಮಾಡಿದರೂ ಸದ್ದು ನಿಲ್ಲದಿದ್ದುದರಿಂದ ಎಂಜಿನ್ನಿನ ಮೇಲಿನ ಅನುಮಾನವೂ ಕಳೆಯಿತು.

ಎರಡರಷ್ಟು ಏಕೆ? ಊಟದ ತಟ್ಟೆಯ ಅಂಚಿನಲ್ಲಿ ಗಡಿಯಾರದಂತೆ ಹನ್ನೆರಡು ಗುರುತು ಹಾಕಿ, ಅದನ್ನು ಓರೆಯಾಗಿ ಹಿಡಿದು ನೋಡಿ. ವೃತ್ತ ಮೊಟ್ಟೆಯಾಕಾರ ತಾಳುತ್ತದೆ. ಉದ್ದನೆಯ ಎರಡು ತುದಿಗಳಲ್ಲಿ ಗುರುತುಗಳು ಒತ್ತೊತ್ತಾಗುತ್ತವೆ, ನಡುವೆ ದೂರ ದೂರವಾಗುತ್ತವೆ. ಓರೆಯಾದ ಯೂನಿವರ್ಸಲ್ ಜಾಯಿಂಟಿನಲ್ಲಿ ಆಗುವುದೂ ಇಷ್ಟೇ. ಒಳಗೆ ಬರುವ ತಿರುಗು ಸಮವಾಗಿದ್ದರೂ ಹೊರಗೆ ಹೋಗುವುದು ಪ್ರತಿ ಸುತ್ತಿನಲ್ಲೂ ಎರಡು ಸಲ ಓಡುತ್ತದೆ, ಎರಡು ಸಲ ತಡವರಿಸುತ್ತದೆ. ಕೋನ 10 ಡಿಗ್ರಿ ಇದ್ದರೆ ಏರಿಳಿತ ಶೇಕಡ ಒಂದೂವರೆ. 20 ಡಿಗ್ರಿಗೆ ಶೇಕಡ ಆರು. ಕೋನ ಇಮ್ಮಡಿಯಾದರೆ ಕಾಟ ನಾಲ್ಮಡಿ. ಸೂರ್ಯಗಡಿಯಾರದ ಮೇಲೆ ನೆರಳು ಓಡುವ ಏರುಪೇರಿಗೂ ಈ ಜಾಯಿಂಟಿಗೂ ಲೆಕ್ಕ ಒಂದೇ ಎಂಬುದನ್ನು 17ನೆಯ ಶತಮಾನದಲ್ಲೇ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಗುರುತಿಸಿದ್ದರು.

ಹಾಗಾದರೆ ಎಲ್ಲ ಜೀಪುಗಳೂ ಏಕೆ ನಡುಗುವುದಿಲ್ಲ? ಶಾಫ್ಟಿನ ಎರಡು ತುದಿಯಲ್ಲೂ ಒಂದೊಂದು ಜಾಯಿಂಟ್ ಇರುವುದರಿಂದ. ಮುಂದಿನದು ಮಾಡಿದ ತಪ್ಪನ್ನು ಹಿಂದಿನದು ಅಷ್ಟೇ ಪ್ರಮಾಣದಲ್ಲಿ ತಿರುಗಾಮುರುಗಾ ಮಾಡಿ ಅಳಿಸುತ್ತದೆ. ಅದಕ್ಕೆ ಎರಡು ಷರತ್ತುಗಳಿವೆ: ಎರಡೂ ಕೋನಗಳು ಸಮವಾಗಿರಬೇಕು, ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸ್ ಹಿಡಿಯುವ ಕವಲುಗಳು ಒಂದೇ ಸಾಲಿನಲ್ಲಿರಬೇಕು. ಶಾಫ್ಟ್ ಬಿಚ್ಚುವ ಮೊದಲು ಅನುಭವಿಗಳು ಉಳಿಯಿಂದ ಗುರುತು ಹೊಡೆಯುವುದು ಎರಡನೆಯದಕ್ಕಾಗಿ. ಭಾವನ ಜೀಪಿನಲ್ಲಿ ಕೆಟ್ಟದ್ದು ಮೊದಲನೆಯದು. ಉದ್ದ ಷ್ಯಾಕಲ್ ಪಟ್ಟಿಯ ಹಿಂದಿನ ತುದಿಯನ್ನು ಚಾಸಿಯಿಂದ ಕೆಳಗೆ ತಳ್ಳಿತು. ಜೊತೆಗೆ ಆಕ್ಸಲ್ ಹೊರಳಿ, ಅದರ ನಡುವೆ ಗೇರುಗಳನ್ನು ಹೊತ್ತ ಹೌಸಿಂಗಿನ ಮೂತಿ, ಅಂದರೆ ಶಾಫ್ಟ್ ಬಂದು ಸೇರುವ ತುದಿ, ಮೇಲಕ್ಕೆ ನೋಡತೊಡಗಿತು.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಹಿರಿಯ ಮೇಸ್ತ್ರಿಯೊಬ್ಬರು ಮೊಬೈಲಿನಲ್ಲೇ ಕೋನ ಅಳೆದರು. ಗೇರ್‌ಬಾಕ್ಸಿನ ಕಡೆ 14 ಡಿಗ್ರಿ, ಹೌಸಿಂಗಿನ ಕಡೆ 8. ಇಲ್ಲಿ 14ರಲ್ಲಿ 8 ಕಳೆದು ಆರೇ ತಾನೇ ಎಂದುಕೊಳ್ಳುವಂತಿಲ್ಲ. ಕೋನ ಇಮ್ಮಡಿಯಾದರೆ ಕಾಟ ನಾಲ್ಮಡಿಯಾಗುವುದರಿಂದ ವರ್ಗ ಮಾಡಿ ಕಳೆದು ವರ್ಗಮೂಲ ತೆಗೆಯಬೇಕು: ಅಳಿಯದೆ ಉಳಿದ ಕೋನ ಹನ್ನೊಂದೂವರೆ ಡಿಗ್ರಿ. ಇದು ಸುಮಾರು 3ರೊಳಗಿರಬೇಕೆನ್ನುವುದು ವಾಡಿಕೆ.

“ಇನ್ನೊಂದು ಜೊತೆ ಕ್ರಾಸ್ ಹಾಕೋಣವೇ, ಮೇಸ್ತ್ರಿ?” ಎಂದರು ಭಾವ.

“ಬೇಡ ಸಾರ್, ಬೆಣೆ ಸಾಕು.”

ಮೂತಿ ತಗ್ಗಿ ಹೌಸಿಂಗಿನ ಕಡೆಯ ಕೋನವೂ 14 ಆಗುವಂತೆ, ಕಮಾನು ಪಟ್ಟಿಗೂ ಆಕ್ಸಲಿಗೂ ನಡುವೆ 6 ಡಿಗ್ರಿಯ ಉಕ್ಕಿನ ಬೆಣೆ ಕೂರಿಸಿದರು. ಅಲ್ಯೂಮಿನಿಯಂ ಬೆಣೆ ಅಗ್ಗ, ಆದರೆ ಬಿರಿಯುತ್ತದೆ. ದಪ್ಪ ತುದಿ ಯಾವ ಕಡೆ ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಪಟ್ಟಿ ಆಕ್ಸಲಿನ ಕೆಳಗಿದ್ದರೆ ದಪ್ಪ ಭಾಗ ಹಿಂದಕ್ಕಿರಬೇಕು, ಆಗ ಮೂತಿ ತಗ್ಗುತ್ತದೆ. ಪಟ್ಟಿ ಮೇಲಿದ್ದರೆ ಅದೇ ಬೆಣೆ ಮೂತಿಯನ್ನು ಇನ್ನಷ್ಟು ಎತ್ತುತ್ತದೆ. ಇನ್ನೂ ಹೆಚ್ಚು ಎತ್ತರಿಸಿದ ಜೀಪುಗಳಿಗೆ ಗೇರ್‌ಬಾಕ್ಸಿನ ಕಡೆ ಎರಡು ಕ್ರಾಸ್ ಜೋಡಿಸಿದ ಶಾಫ್ಟೇ ಬೇಕು. ಅಲ್ಲಿ ನಿಯಮ ತಿರುವುಮುರುವು: ಮೂತಿ ನೇರ ಶಾಫ್ಟಿನತ್ತಲೇ ನೋಡಬೇಕು.

ವಾಪಸು ಬರುವಾಗ 60ರಲ್ಲೂ ಸೀಟು ಸುಮ್ಮನಿತ್ತು. ಹಿಂದಿನ ಬಾಗಿಲಿನ ಕೊಂಡಿ ಲೊಟಗುಟ್ಟುವುದು ಮೊದಲ ಬಾರಿಗೆ ಕೇಳಿಸಿತು. ತೋಟದ ದಾರಿಗಿಳಿದಾಗ ಮಾತ್ರ ದಿಬ್ಬ ಹೌಸಿಂಗಿಗೆ ಮತ್ತೆ ಕರ್ರೆಂದು ಉಜ್ಜಿತು. ಷ್ಯಾಕಲ್ ಉದ್ದವಾದರೆ ಏಳುವುದು ಚಾಸಿ. ಹೌಸಿಂಗ್ ಏಳಬೇಕಾದರೆ ಟೈರೇ ದೊಡ್ಡದಾಗಬೇಕು. ಭಾವ ಈಗ ಗುದ್ದಲಿ ಹಿಡಿದು ದಿಬ್ಬ ಕೆತ್ತುತ್ತಿದ್ದಾರೆ.