ಹಚ್ಚಿದರೆ ಕಮ್ಮಿ, ಬಿಟ್ಟರೆ ಜಾಸ್ತಿ

ಇತ್ತೀಚೆಗೆ ಒಬ್ಬರು ಅಂಗಿ ಜೇಬಿನಿಂದ ಒಂದು ಟ್ಯೂಬ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಕೆಳಗಿನಿಂದ ಸುರುಳಿ ಸುತ್ತಿ ಸುತ್ತಿ ಕತ್ತಿನವರೆಗೂ ಹಿಂಡಿದ್ದರು. ಮುಚ್ಚಳ ಕಳೆದುಹೋಗಿತ್ತು. ಬಾಯಿಗೆ ಒಂದು ಚೂರು ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಬೆವರಿಗೆ ಬಣ್ಣ ಅಳಿಸಿ ಔಷಧದ ಹೆಸರು ಅರ್ಧ ಮಾತ್ರ ಉಳಿದಿತ್ತು.

"ಇದು ಭಾರಿ ಒಳ್ಳೇ ಮುಲಾಮು ಮೇಡಂ. ಹಚ್ಚಿದ್ರೆ ಎರಡೇ ದಿನಕ್ಕೆ ಕಮ್ಮಿ. ಬಿಟ್ರೆ ಮತ್ತೆ ಬರ್ತದೆ. ಇದ್ರದ್ದೇ ದೊಡ್ಡ ಟ್ಯೂಬ್ ಬರ್ದುಕೊಡಿ."

ಅಡಿಕೆ ತೋಟ ಇರುವ ಮನುಷ್ಯ. ಸುಮಾರು ಒಂದು ವರ್ಷದಿಂದ ಹಚ್ಚುತ್ತಿದ್ದರಂತೆ. ಪಂಚೆ ಸಡಿಲಿಸಿ ತೋರಿಸಿದಾಗ ಹುಳುಕಡ್ಡಿ ಸೊಂಟದ ಸುತ್ತ ಹಬ್ಬಿ ತೊಡೆಯವರೆಗೂ ಇಳಿದಿತ್ತು. ಸಾಮಾನ್ಯವಾಗಿ ಕಾಣುವ ದುಂಡನೆಯ ಕಟ್ಟು ಇರಲಿಲ್ಲ. ಅಂಚು ಕೂಡ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ತೊಡೆಸಂದಿನಲ್ಲಿ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ಬಸುರಿಯರ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು ಬೆರಳಗಲ ಸೀಳಿದ್ದವು. ಹುಳುಕಡ್ಡಿ ವಾಸಿಯಾಗುತ್ತದೆ. ಆ ಗೆರೆಗಳ ಕೆಂಪು ಇಳಿದು ಬಿಳಿಚಿಕೊಳ್ಳಬಹುದು, ಆದರೆ ಪೂರ್ತಿ ಹೋಗುವುದಿಲ್ಲ. ಅದನ್ನು ಅವರಿಗೆ ಹೇಳುವಾಗ ನನಗೆ ಈಗಲೂ ಕಷ್ಟವಾಗುತ್ತದೆ.

"ಹಚ್ಚಿದ್ರೆ ಕಮ್ಮಿ, ಬಿಟ್ರೆ ಜಾಸ್ತಿ." ಹತ್ತೊಂಬತ್ತು ವರ್ಷದಿಂದ ಚರ್ಮರೋಗ ನೋಡುತ್ತಿದ್ದೇನೆ. ಈ ಮಾತು ಕೇಳದ ದಿನ ಇಲ್ಲ. ಹೇಳುವವರು ಅದನ್ನು ಔಷಧಕ್ಕೆ ಕೊಡುವ ಸರ್ಟಿಫಿಕೇಟ್ ಥರ ಹೇಳುತ್ತಾರೆ. ನನಗೆ ಅದೇ ಮಾತು ರೋಗದ ಲಕ್ಷಣವಾಗಿ ಕೇಳುತ್ತದೆ. ಇವತ್ತಿನ ಅಂಕಣ ಪೂರ್ತಿ ಆ ಒಂದು ಮಾತಿನ ಬಗ್ಗೆ.

ಅವರ ಟ್ಯೂಬಿನಲ್ಲಿ ಇದ್ದದ್ದು ಕ್ಲೊಬೆಟಸಾಲ್, ಜೊತೆಗೆ ಒಂದು ಆ್ಯಂಟಿಬಯೋಟಿಕ್, ಒಂದು ಫಂಗಸ್ ಔಷಧ. ಕ್ಲೊಬೆಟಸಾಲ್ ಅಂದರೆ ಸ್ಟೀರಾಯ್ಡ್. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಬಲವಾದ ಗುಂಪಿಗೆ ಸೇರಿದ್ದು.

ಈಗ ಸ್ವಲ್ಪ ನಿಧಾನವಾಗಿ ಓದಿ. ಹುಳುಕಡ್ಡಿ ಬರುವುದು ಫಂಗಸ್‌ನಿಂದ. ಕೆಂಪಾಗುವುದು, ತುರಿಸುವುದು, ಊದುವುದು, ಇವೆಲ್ಲ ಫಂಗಸ್ ಮಾಡುವ ಕೆಲಸ ಅಂತ ನಾವು ಅಂದುಕೊಂಡಿದ್ದೇವೆ. ಬಹುಪಾಲು ಅದು ಫಂಗಸ್ ಮಾಡುವುದಲ್ಲ, ಫಂಗಸ್ ಬಂದಿದೆ ಅಂತ ನಮ್ಮ ದೇಹ ಮಾಡುವ ಗಲಾಟೆ. ರಾತ್ರಿ ತೋಟಕ್ಕೆ ಕಳ್ಳ ನುಗ್ಗಿದರೆ ನಾಯಿ ಬೊಗಳುತ್ತದೆ ಅಲ್ವಾ, ಹಾಗೆ. ಸ್ಟೀರಾಯ್ಡ್ ಕಳ್ಳನನ್ನು ಮುಟ್ಟುವುದಿಲ್ಲ. ನಾಯಿಯ ಬಾಯಿ ಕಟ್ಟುತ್ತದೆ. ಎರಡು ದಿನಕ್ಕೆ ಬೊಗಳುವುದು ನಿಲ್ಲುತ್ತದೆ. ನೀವು ನೆಮ್ಮದಿಯಾಗಿ ಮಲಗುತ್ತೀರಿ. ಕಳ್ಳ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬರುತ್ತಾನೆ. ಮುಲಾಮು ನಿಲ್ಲಿಸಿದ ದಿನ ನಾಯಿಯ ಬಾಯಿ ಬಿಚ್ಚಿದ ಹಾಗೆ. ಈಗ ಅದು ಮೊದಲಿಗಿಂತ ಜೋರಾಗಿ ಬೊಗಳುತ್ತದೆ. ಆಗ ನೀವು, "ನೋಡಿ, ಮುಲಾಮು ಬಿಟ್ಟಿದ್ದಕ್ಕೇ ಜಾಸ್ತಿ ಆಯ್ತು" ಅಂತ ಮತ್ತೆ ಹಚ್ಚುತ್ತೀರಿ.

ತುರಿಕೆ ನಿಂತಿತು ಅಂದರೆ ವಾಸಿಯಾಯಿತು ಅಂತ ಅಲ್ಲ. ತುರಿಕೆ ನಿಂತಿತು, ಅಷ್ಟೇ. ಇದನ್ನು ನಾನು ಒಬ್ಬೊಬ್ಬರಿಗೂ ಮೂರು ಸಲ ಹೇಳುತ್ತೇನೆ. ಮೂರನೇ ಸಲ ಅವರ ಕೈಲೇ ಹೇಳಿಸುತ್ತೇನೆ. ಆದರೂ ಕೆಲವರು ಬಾಗಿಲ ಹತ್ತಿರ ಹೋಗಿ ತಿರುಗಿ, "ಹಾಗಾದ್ರೆ ತೀರಾ ತುರಿಕೆ ಬಂದ್ರೆ ಮಾತ್ರ ಹಚ್ಲಾ?" ಅಂತ ಕೇಳುತ್ತಾರೆ.

"ಅದರೊಳಗೆ ಫಂಗಸ್ ಔಷಧವೂ ಇದೆಯಲ್ಲ ಮೇಡಂ" ಅಂತ ತಿಳಿದವರು ವಾದ ಮಾಡುತ್ತಾರೆ. ಇದೆ. ಆದರೆ ಫಂಗಸ್ ಔಷಧವನ್ನು ವಾರಗಟ್ಟಲೆ ಹಚ್ಚಬೇಕು, ಗಾಯ ಕಾಣದಂತಾದ ಮೇಲೂ ಇನ್ನಷ್ಟು ದಿನ ಮುಂದುವರಿಸಬೇಕು. ಸ್ಟೀರಾಯ್ಡ್ ಎರಡನೇ ದಿನಕ್ಕೇ ತುರಿಕೆ ನಿಲ್ಲಿಸಿದರೆ ಮೂರನೇ ದಿನ ಹಚ್ಚುವವರು ಯಾರು? ಎರಡು ದಿನ ಹಚ್ಚಿ, ಹತ್ತು ದಿನ ಬಿಟ್ಟು, ಮತ್ತೆ ಎರಡು ದಿನ. ಫಂಗಸ್ ಔಷಧ ಒಂದು ಸಲವೂ ಪೂರ್ತಿ ಆಗುವುದಿಲ್ಲ. ಸ್ಟೀರಾಯ್ಡ್ ಮಾತ್ರ ವರ್ಷವಿಡೀ ಒಳಗೆ ಹೋಗುತ್ತಿರುತ್ತದೆ.

ಇದು ಹೊಸ ವಿಷಯವೂ ಅಲ್ಲ. 1968ರಲ್ಲೇ ಬ್ರಿಟನ್ನಿನ ಐವ್ ಮತ್ತು ಮಾರ್ಕ್ಸ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನು ಬರೆದರು. ಸ್ಟೀರಾಯ್ಡ್ ಹಚ್ಚಿದ ಹುಳುಕಡ್ಡಿ ತನ್ನ ಗುರುತೇ ಸಿಗದ ಹಾಗೆ ವೇಷ ಮರೆಸಿಕೊಳ್ಳುತ್ತದೆ ಅಂತ ತೋರಿಸಿ, 'ಟೀನಿಯಾ ಇನ್‌ಕಾಗ್ನಿಟೋ' ಅಂತ ಹೆಸರಿಟ್ಟರು. ನಾವು ಓದುವಾಗ ಅದು ಅಪರೂಪದ ಕೇಸ್. ಪರೀಕ್ಷೆಯಲ್ಲಿ ಕೇಳಿದರೆ ಖುಷಿಯಾಗುತ್ತಿತ್ತು. ಈಗ ನನ್ನ ಓಪಿಡಿಯಲ್ಲಿ ಮುಲಾಮು ಮುಟ್ಟದ ಹುಳುಕಡ್ಡಿ ಬಂದರೆ ಅದೇ ಅಪರೂಪ. ದುಂಡಗೆ, ಅಂಚು ಎದ್ದು, ನಡುವೆ ತಿಳಿಯಾಗಿರುವ ಕಟ್ಟು ಕಂಡರೆ ಟ್ರೈನಿಂಗಿಗೆ ಬಂದ ಹುಡುಗರನ್ನು ಕರೆದು ತೋರಿಸುತ್ತೇನೆ.

ಇನ್ನೊಂದು ಮಾತು ಪದೇ ಪದೇ ಬರುತ್ತದೆ. "ಮೇಲೆ ಹಚ್ಚೋದು ತಾನೇ? ಒಳಗೇನೂ ಹೋಗಲ್ವಲ್ಲ." 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಅಮೆರಿಕದ ವೈದ್ಯರು ಇದನ್ನೇ ಅಳೆದು ನೋಡಿದರು. ಹೈಡ್ರೊಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಹಚ್ಚಿ, ಎಷ್ಟು ಭಾಗ ಮೂತ್ರದಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಿದರು. ಮುಂದೋಳಿನಲ್ಲಿ ಹೀರಿಕೊಳ್ಳುವುದನ್ನು 1 ಅಂತ ಇಟ್ಟುಕೊಂಡರೆ ಹಣೆಯಲ್ಲಿ 6, ದವಡೆಯ ಹತ್ತಿರ 13, ವೃಷಣದ ಚರ್ಮದಲ್ಲಿ 42. ಅಂಗಾಲಿನಲ್ಲಿ 0.14 ಮಾತ್ರ. ಅಂಗಾಲಿನ ಒಡಕಿಗೆ ಅಂತ ಅಪ್ಪನಿಗೆ ಬರೆದುಕೊಟ್ಟ ಮುಲಾಮನ್ನು ಮಗ ತೊಡೆಸಂದಿಗೆ ಹಚ್ಚಿಕೊಂಡರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಅದೂ ಪಂಚೆಯ ಕಟ್ಟಿನ ಕೆಳಗೆ, ಬೆವರಿನಲ್ಲಿ, ಚರ್ಮಕ್ಕೆ ಚರ್ಮ ಒತ್ತಿಕೊಂಡಿರುವ ಜಾಗ. ಒಂದು ಟ್ಯೂಬ್ ಮನೆಮಂದಿಗೆಲ್ಲ ಅನ್ನುವುದು ನಮ್ಮಲ್ಲಿ ಪ್ರೀತಿಯ ಲೆಕ್ಕ, ಗೊತ್ತು. ಔಷಧಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಮುಖದ ಕಥೆ ಇನ್ನೂ ಬೇಸರದ್ದು. ನಮ್ಮ ದೇಶದ 12 ಕೇಂದ್ರಗಳ ಚರ್ಮವೈದ್ಯರು ಸೇರಿ ಮಾಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಮುಖದ ತೊಂದರೆ ಅಂತ ಬಂದ 2,926 ಜನರನ್ನು ಕೇಳಿದಾಗ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ 126 ಜನ ಅದನ್ನು ಬೆಳ್ಳಗಾಗಲು ಅಂತಲೋ, ದಿನಾ ಹಚ್ಚುವ ಕ್ರೀಮ್ ಅಂತಲೋ, ಗಡ್ಡ ಕೆರೆದ ಮೇಲೆ ಅಂತಲೋ ಬಳಸುತ್ತಿದ್ದರು. ಹತ್ತರಲ್ಲಿ ಆರು ಜನರಿಗೆ ಸಲಹೆ ಕೊಟ್ಟವರು ಡಾಕ್ಟರೇ ಅಲ್ಲ. ಒಂದು ವಿಷಯ ಗಮನಿಸಬೇಕು. ಇದು ಆಸ್ಪತ್ರೆಗೆ ಬಂದವರ ಲೆಕ್ಕ. ಊರಿನಲ್ಲಿ ಎಷ್ಟು ಜನ ಹಚ್ಚುತ್ತಾರೆ ಅಂತ ಇದರಿಂದ ಹೇಳಲು ಆಗುವುದಿಲ್ಲ.

ಹೋದ ವರ್ಷ ಬಂದ ಹುಡುಗಿಯೊಬ್ಬಳು ಇನ್ನೂ ಕಣ್ಣ ಮುಂದೆ ಇದ್ದಾಳೆ. ಡಿಗ್ರಿ ಓದುವವಳು. ಅಕ್ಕನ ಮದುವೆಗೆ ಮುಂಚೆ ಯಾರೋ ಹೇಳಿದರು ಅಂತ ಬಂಗಿನ ಕ್ರೀಮ್ ತಂದು ರಾತ್ರಿ ಹಚ್ಚಲು ಶುರು ಮಾಡಿದ್ದಳು. ಅದರಲ್ಲಿ ಮೂರು ಔಷಧ ಸೇರಿರುತ್ತವೆ, ಒಂದು ಸ್ಟೀರಾಯ್ಡ್. ಬಂಗಿಗೆ ಕೆಲವು ವಾರಕ್ಕೆ ಅಂತ ನಾವೂ ಬರೆಯುತ್ತೇವೆ, ಕರೆಸಿ ನೋಡುತ್ತೇವೆ. ಅವಳಿಗೆ ಬಂಗೇ ಇರಲಿಲ್ಲ. ಮೊದಲ ತಿಂಗಳು ಮುಖ ಹೊಳೆಯಿತು, ಎಲ್ಲರೂ ಹೊಗಳಿದರು. ಮದುವೆ ಮುಗಿಯಿತು, ಕ್ರೀಮ್ ನಿಲ್ಲಿಸಿದಳು, ಮೂರನೇ ದಿನ ಮುಖ ಉರಿಯಲು ಶುರುವಾಯಿತು. ಮತ್ತೆ ಹಚ್ಚಿದಳು, ಉರಿ ಹೋಯಿತು. ಹೀಗೆ ಎರಡು ವರ್ಷ. ನನ್ನ ಮುಂದೆ ಕೂತಾಗ ಕೆನ್ನೆಯ ಚರ್ಮದ ಕೆಳಗೆ ಕೆಂಪು ರಕ್ತನಾಳಗಳು ದಾರ ಹರಡಿದ ಹಾಗೆ ಕಾಣುತ್ತಿದ್ದವು. ಗದ್ದದ ಮೇಲೆ ಕೂದಲು, ಸಣ್ಣ ಸಣ್ಣ ಮೊಡವೆ. "ಒಲೆ ಮುಂದೆ ನಿಲ್ಲಕ್ಕೆ ಆಗಲ್ಲ ಮೇಡಂ" ಅಂದಳು. ಅವಳ ಅಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಮಗಳ ಕೆನ್ನೆಗೆ ಗಾಳಿ ಹಾಕುತ್ತಿದ್ದರು.

ಇಲ್ಲಿ ಫಂಗಸ್ಸೂ ಇಲ್ಲ, ಕಳ್ಳನೂ ಇಲ್ಲ. ಚರ್ಮಕ್ಕೆ ಸ್ಟೀರಾಯ್ಡ್ ಅಭ್ಯಾಸವಾಗಿಬಿಟ್ಟಿದೆ. ಬಿಟ್ಟಾಗ ಬರುವ ಉರಿ ಹಳೇ ರೋಗ ಅಲ್ಲ, ಬಿಟ್ಟದ್ದರ ಉರಿ. ಆ ಉರಿಯನ್ನು ದಾಟಬೇಕು. ಕೆಲವರಿಗೆ ಮೂರು ವಾರ, ಕೆಲವರಿಗೆ ತಿಂಗಳುಗಳು. ಒಮ್ಮೆಗೇ ನಿಲ್ಲಿಸಬೇಕೋ, ಮೆಲ್ಲಗೆ ಇಳಿಸಬೇಕೋ ಅನ್ನುವುದನ್ನು ಮುಖ ನೋಡಿಯೇ ಹೇಳಬೇಕು. ಇದನ್ನು ಓದಿ ನೀವೇ ತೀರ್ಮಾನ ಮಾಡಬೇಡಿ. ಅವಳು ಎರಡನೇ ವಾರ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ, "ಒಂದೇ ಒಂದ್ಸಲ ಹಚ್ಲಾ?" ಅಂತ ಅತ್ತಳು. ಬೇಡಮ್ಮ, ತಣ್ಣೀರಲ್ಲಿ ಬಟ್ಟೆ ಅದ್ದಿ ಇಟ್ಟುಕೋ, ಬೆಳಿಗ್ಗೆ ಬಾ ಅಂದೆ. ಬಂದಳು. ಏಳು ತಿಂಗಳು ಬಂದಳು.

ಬೆಳ್ಳಗೆ ಮಾಡುವ ಕ್ರೀಮಿನ ಮಾತು ಬಂದಿದ್ದಕ್ಕೆ ಪಕ್ಕದ ಕೇರಳದ ವಿಷಯ ಹೇಳಿಬಿಡುತ್ತೇನೆ. ಮಲಪ್ಪುರಂ ಜಿಲ್ಲೆಯ ಕಿಡ್ನಿ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಅನ್ನುವ ಕಿಡ್ನಿ ತೊಂದರೆಯ 22 ಜನರನ್ನು ನೋಡಿದರು. ಈ ತೊಂದರೆಯಲ್ಲಿ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಕಾಲು ಊದುತ್ತದೆ. ಅವರಲ್ಲಿ 15 ಜನರಲ್ಲಿ ಕಂಡದ್ದು ಒಂದು ಅಪರೂಪದ ಬಗೆ. ಆ 15ರಲ್ಲಿ 13 ಜನ ಫೇರ್‌ನೆಸ್ ಕ್ರೀಮ್ ಹಚ್ಚುತ್ತಿದ್ದವರು. ಕಾರಣ ಆ ಕ್ರೀಮುಗಳಲ್ಲಿದ್ದ ಪಾದರಸ. ಅದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನೇ ತಡೆಯುತ್ತದೆ, ಹಾಗೆಯೇ ರಕ್ತಕ್ಕೂ ಸೇರುತ್ತದೆ. ಬಹಳ ಜನರಿಗೆ ಕ್ರೀಮ್ ನಿಲ್ಲಿಸಿದ ಮೇಲೆ ಪ್ರೋಟೀನ್ ಸೋರುವುದು ಕಡಿಮೆಯಾಯಿತು. ಮೇಲೆ ಹಚ್ಚಿದ್ದು ಒಳಗೆ ಹೋಗಲ್ಲ ಅನ್ನುವವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನ್ನ ಹತ್ತಿರ ಇಲ್ಲ. ಯಾರು ಮಾಡಿದ್ದು, ಒಳಗೆ ಏನಿದೆ ಅಂತ ಬರೆಯದ ಡಬ್ಬಿಯನ್ನು ದಯವಿಟ್ಟು ಮುಖದ ಹತ್ತಿರ ತರಬೇಡಿ.

ಇಷ್ಟು ಬರೆದ ಮೇಲೆ ನನಗೊಂದು ಭಯ ಇದೆ. ಸ್ಟೀರಾಯ್ಡ್ ಅಂದರೆ ವಿಷ ಅಂತ ಯಾರಾದರೂ ತಿಳಿದುಕೊಂಡುಬಿಟ್ಟರೆ? ಅದು ಇನ್ನೊಂದು ಅನಾಹುತ. 1950ರಲ್ಲಿ ಸ್ಟೀರಾಯ್ಡ್ ಹಾರ್ಮೋನುಗಳ ಸಂಶೋಧನೆಗೆ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ ನೊಬೆಲ್ ಬಂತು. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಅದನ್ನು ಚರ್ಮಕ್ಕೆ ಹಚ್ಚಿ ಫಲ ಕಂಡರು. ಅದಕ್ಕೂ ಮುಂಚೆ ಇಸುಬಿನವರಿಗೆ ಟಾರ್ ಥರದ ಮುಲಾಮುಗಳೇ ಗತಿ. ಇಸುಬು ಫಂಗಸ್ ಅಲ್ಲ. ಅಲ್ಲಿ ಕಳ್ಳನಿಲ್ಲದೆ ನಾಯಿ ಸುಮ್ನೆ ಬೊಗಳುತ್ತಿರುತ್ತದೆ. ಅದನ್ನು ಸಮಾಧಾನ ಮಾಡುವುದೇ ಚಿಕಿತ್ಸೆ. ಕಳೆದ ತಿಂಗಳು ಒಬ್ಬ ತಾಯಿ ಎಂಟು ತಿಂಗಳ ಮಗುವನ್ನು ತಂದಿದ್ದರು. ಇಸುಬಿನಿಂದ ಕೆನ್ನೆ ಒಡೆದು ನೀರು ಸೋರುತ್ತಿತ್ತು, ಮಗು ನಿದ್ದೆ ಮಾಡಿರಲಿಲ್ಲ. ನಾನು ಕೊಟ್ಟ ಸೌಮ್ಯ ಸ್ಟೀರಾಯ್ಡನ್ನು ಮೊಬೈಲಿನಲ್ಲಿ ಹುಡುಕಿ, ಹೆದರಿ, ಹಚ್ಚದೆ ಎರಡು ವಾರ ಇಟ್ಟುಕೊಂಡಿದ್ದರು. ಆ ಮಗುವಿಗೆ ಅದು ಬೇಕಿತ್ತು. ಅವರ ಮುಂದೆಯೇ ಹಚ್ಚಿ ತೋರಿಸಿದೆ. ನಿಮ್ಮ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಮಗುವಿನ ಎರಡು ಕೆನ್ನೆಗೆ ಅದರಲ್ಲೂ ಸ್ವಲ್ಪವೇ. ಯಾವ ಬಲದ್ದು, ಯಾವ ಜಾಗಕ್ಕೆ, ಎಷ್ಟು ದಿನ, ಈ ಮೂರನ್ನು ಯಾರಾದರೂ ತಿಳಿದವರು ಹೇಳಿರಬೇಕು. ಹೇಳಿದ್ದರೆ ಹಚ್ಚಿ.

2018ರಿಂದ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳು ಶೆಡ್ಯೂಲ್ ಎಚ್‌ಗೆ ಸೇರಿವೆ. ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಸಿಗುತ್ತವೆ. ಅಂಗಡಿಯವರ ಮೇಲೆ ಪೂರ್ತಿ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಡಾಕ್ಟರ್ ಹತ್ತಿರ ಬರಲು ಅರ್ಧ ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಬೇರೆ. ನಮ್ಮಲ್ಲೂ ಕೆಲವರು ರೋಗಿ ಬೇಗ ಖುಷಿಯಾಗಲಿ ಅಂತ ಇದೇ ಮಿಶ್ರಣ ಬರೆಯುತ್ತಾರೆ. ಅದನ್ನು ಮುಚ್ಚಿಡಬಾರದು.

ಇನ್ನು ಫಂಗಸ್ಸೂ ಮೊದಲಿನದಲ್ಲ. 2020ರಲ್ಲಿ ಜಪಾನಿನ ಸಂಶೋಧಕರು ಒಬ್ಬ ಭಾರತೀಯ, ಒಬ್ಬ ನೇಪಾಳಿ ರೋಗಿಯಿಂದ ಬೆಳೆಸಿದ ಫಂಗಸ್ಸಿಗೆ 'ಟ್ರೈಕೊಫೈಟಾನ್ ಇಂಡೊಟಿನಿಯೆ' ಅಂತ ಹೊಸ ಹೆಸರಿಟ್ಟರು. ನಮ್ಮ ದೇಶದ ಹೆಸರು ಅದರೊಳಗೇ ಇದೆ. ಟರ್ಬಿನಾಫಿನ್ ಅನ್ನುವ ನಮ್ಮ ನಂಬಿಕೆಯ ಮಾತ್ರೆಗೆ ಅದು ಎಷ್ಟೋ ಸಲ ಬಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕ್‌ನಿಂದಲೂ ವರದಿಯಾಯಿತು. ಅದು ಹೀಗೆ ಹಬ್ಬಲು ಸ್ಟೀರಾಯ್ಡ್ ಮಿಶ್ರಣಗಳು ಒಂದು ಕಾರಣ ಅಂತ ನನ್ನನ್ನೂ ಸೇರಿಸಿ ಇಲ್ಲಿನ ಬಹಳಷ್ಟು ಚರ್ಮವೈದ್ಯರು ನಂಬುತ್ತೇವೆ. ಅದೊಂದೇ ಕಾರಣ ಅಂತ ಹೇಳಲಾರೆ.

ಅಡಿಕೆ ತೋಟದವರ ಸೊಂಟದಲ್ಲಿ ಕಪ್ಪು ಉಡಿದಾರ ಇತ್ತು. ಬೆವರು ಹೀರಿ, ಮಳೆಗಾಲದಲ್ಲಿ ಒಣಗದೆ, ಅದರಡಿಯ ಚರ್ಮದಲ್ಲೇ ಕಟ್ಟು ಶುರುವಾಗಿತ್ತು. ತೆಗೆಯಬಹುದಾ ಅಂತ ಕೇಳಿದೆ. ಮುಖ ಸಪ್ಪಗಾಯಿತು. ಅವರ ಅವ್ವ ಕಟ್ಟಿದ್ದಂತೆ, ಅವ್ವ ಈಗ ಇಲ್ಲ. ಸ್ವಲ್ಪ ಹೊತ್ತು ನಾನೂ ಸುಮ್ಮನಿದ್ದೆ. ಬಿಚ್ಚಿ, ತೊಳೆದು, ಒಣಗಿಸಿ ದೇವರ ಮುಂದೆ ಇಟ್ಟಿರಿ, ವಾಸಿಯಾದ ಮೇಲೆ ನೋಡೋಣ ಅಂದೆ. ಒಪ್ಪಿದರು. ಮನೆಯಲ್ಲಿ ಬೇರೆ ಯಾರಿಗಿದೆ ಅಂತ ಕೇಳಿದಾಗ ಹೆಂಡತಿಗೆ, ಕಿರಿ ಮಗನಿಗೆ ಅಂದರು. ಎಲ್ಲರೂ ಅದೇ ಟ್ಯೂಬ್.

ಹದಿನೈದು ದಿನಕ್ಕೆ ಮೂವರೂ ಬಂದರು. ಹೆಂಡತಿ ಕೈಚೀಲದಿಂದ ಒಂದು ಕವರ್ ತೆಗೆದು ಮೇಜಿನ ಮೇಲೆ ಸುರಿದರು. ಮನೆಯ ಗೂಡಿನಲ್ಲಿ, ಕನ್ನಡಿಯ ಹಿಂದೆ, ಮಗನ ಸ್ಕೂಲ್ ಬ್ಯಾಗಿನಲ್ಲಿ ಸಿಕ್ಕಿದ್ದೆಲ್ಲ ಅದರಲ್ಲಿತ್ತು. ಹನ್ನೊಂದು ಟ್ಯೂಬ್. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ಹೆಸರು ಓದುತ್ತ ಹೋದೆ, ಅವರು ಪಕ್ಕದಲ್ಲಿ ನಿಂತು ಸ್ಟೀರಾಯ್ಡ್ ಇಲ್ಲದ್ದು, ಇದ್ದದ್ದು ಅಂತ ಎರಡು ಗುಂಪು ಮಾಡಿದರು. ಒಂದರಲ್ಲಿ ಎರಡು, ಇನ್ನೊಂದರಲ್ಲಿ ಒಂಬತ್ತು.