ಜನ ಎದ್ದು ಹೋದರೆ ಜಾಲತಾಣದಲ್ಲಿ ಏನು ಉಳಿಯುತ್ತದೆ?

ಬ್ಯಾಡಗಿ ಮಾರುಕಟ್ಟೆಗೆ ಹಾವೇರಿ, ಗದಗ ಕಡೆಯ ಮೆಣಸಿನಕಾಯಿ ಮಾತ್ರ ಬರುವುದಿಲ್ಲ. ಬಳ್ಳಾರಿಯಿಂದ, ಆಂಧ್ರದ ಕರ್ನೂಲು ಕಡೆಯಿಂದಲೂ ಲಾರಿಗಟ್ಟಲೆ ಬರುತ್ತದೆ. ಬಾಡಿಗೆ ಕೊಟ್ಟು ಅಷ್ಟು ದೂರ ಯಾಕೆ ತರುತ್ತಾರೆ? ಕೊಳ್ಳುವವರು ಅಲ್ಲಿದ್ದಾರೆ. ಕೊಳ್ಳುವವರು ಯಾಕೆ ಅಲ್ಲಿಗೇ ಬರುತ್ತಾರೆ? ಕಾಯಿ ಅಲ್ಲಿ ಸಿಗುತ್ತದೆ. ದಲಾಲಿ ಅಂಗಡಿ ಮುಂದೆ ಕಾಯಿ ಕೈಯಲ್ಲಿ ಹಿಡಿದು ಬಣ್ಣ ನೋಡುವ ಖರೀದಿದಾರ ಬರದಿದ್ದರೆ ಆ ದೊಡ್ಡ ಪ್ರಾಂಗಣ ಬರೀ ಸಿಮೆಂಟ್ ಕಟ್ಟೆ.

ಸಾಮಾಜಿಕ ಜಾಲತಾಣ ನಡೆಯುವುದೂ ಹೀಗೇ. ತಾಣಕ್ಕೆ ಬೆಲೆ ತರುವುದು ಅದನ್ನು ಕಟ್ಟಿದವರಿಗಿಂತ ಹೆಚ್ಚಾಗಿ ಅದನ್ನು ಬಳಸುವ ಜನ; ಜನ ಹೆಚ್ಚಾದಷ್ಟೂ ಬೆಲೆ ಹೆಚ್ಚು. ಇದನ್ನು ನೆಟ್‌ವರ್ಕ್ ಪರಿಣಾಮ ಅಂತಾರೆ. 10 ಜನರ ನಡುವೆ 45 ಜೋಡಿ ನಂಟು ಸಾಧ್ಯ. 100 ಜನರಾದರೆ 4,950. ಅವರಲ್ಲಿ 50 ಜನ ಎದ್ದು ಹೋದರೆ ಉಳಿಯುವುದು 1,225 ಮಾತ್ರ. ಹೋದದ್ದು ಅರ್ಧ ಜನ, ಕಡಿದದ್ದು ಮುಕ್ಕಾಲು ಪಾಲು ನಂಟು! ಹೋದವರು ದಿನಾ ಬರೆಯುವವರಾಗಿದ್ದರೆ ಪೆಟ್ಟು ಇನ್ನೂ ಜಾಸ್ತಿ.

ಹುಬ್ಬಳ್ಳಿ-ಧಾರವಾಡದ ಕಾಲೇಜು ಹುಡುಗರು ಸೈಬರ್ ಕೆಫೆಯಲ್ಲಿ ಕೂತು ಆರ್ಕುಟ್ ಎಂಬ ಜಾಲತಾಣದಲ್ಲಿ ಗೆಳೆಯರಿಗೆ ಸ್ಕ್ರ್ಯಾಪ್ (ಸಣ್ಣ ಸಂದೇಶ) ಬರೆಯುತ್ತಿದ್ದ ಕಾಲ ನೆನಪಿದೆ ಅಲ್ವಾ? 2004ರಲ್ಲಿ ಶುರುವಾದ ಆ ತಾಣದ ಹಿಂದೆ ಗೂಗಲ್ ಇತ್ತು. ದುಡ್ಡಿಗಾಗಲಿ ಇಂಜಿನಿಯರ್‌ಗಳಿಗಾಗಲಿ ಕೊರತೆ ಇರಲಿಲ್ಲ. ಗೆಳೆಯರು ಒಬ್ಬೊಬ್ಬರಾಗಿ ಫೇಸ್‌ಬುಕ್‌ಗೆ ಹೋದರು, ಉಳಿದವರೂ ಹಿಂದೆಯೇ ಹೋದರು. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಬಾಗಿಲು ಮುಚ್ಚಿತು.

ಸ್ಥಾಪಕರ ಕೆಲಸ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಆದರೆ 2005ರಲ್ಲಿ ರೆಡಿಟ್ ಎಂಬ ಚರ್ಚೆಯ ತಾಣ ಕಟ್ಟಿದವರು ಮೊದಲು ಏನು ಮಾಡಿದರು ಗೊತ್ತಾ? ಬೇರೆ ಬೇರೆ ಸುಳ್ಳು ಹೆಸರಿನಲ್ಲಿ ತಾವೇ ಪೋಸ್ಟ್ ಹಾಕಿದರು, ತಾಣದಲ್ಲಿ ಜನ ಇದ್ದಾರೆ ಅಂತ ಕಾಣಲಿ ಎಂದು. ಟ್ವಿಟರ್‌ನಲ್ಲಿ ಹ್ಯಾಶ್‌ಟ್ಯಾಗ್ ಬಳಸೋಣ ಎಂದು 2007ರಲ್ಲಿ ಹೇಳಿದ್ದೂ ಕಂಪನಿಯಲ್ಲ, ಕ್ರಿಸ್ ಮೆಸಿನಾ ಎಂಬ ಬಳಕೆದಾರ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 2002ರ ಸ್ಪ್ಯಾನಿಷ್ ವಿಕಿಪೀಡಿಯಾದ ಕತೆ. ಜಾಹೀರಾತು ಬರಬಹುದು ಎಂಬ ಮಾತು ಎದ್ದಿತು. ಸಂಬಳವಿಲ್ಲದೆ ಬರೆಯುತ್ತಿದ್ದವರಿಗೆ ಅದು ಹಿಡಿಸಲಿಲ್ಲ. ನಮ್ಮ ದುಡಿಮೆ ಇನ್ನೊಬ್ಬರ ವ್ಯಾಪಾರಕ್ಕಾ ಅನ್ನಿಸಿತು. ಅವರಲ್ಲಿ ಹೆಚ್ಚಿನವರು ಹೊರಗೆ ನಡೆದು, ಸ್ಪೇನಿನ ಸೆವಿಲ್ಲೆ ವಿಶ್ವವಿದ್ಯಾಲಯದ ಸರ್ವರ್‌ನಲ್ಲಿ ತಮ್ಮದೇ ವಿಶ್ವಕೋಶ ಕಟ್ಟಿದರು. ಇತ್ತ ಸ್ಥಾಪಕ ಜಿಮ್ಮಿ ವೇಲ್ಸ್ ಇದ್ದರು, ಹೆಸರಿತ್ತು, ತಂತ್ರಾಂಶವಿತ್ತು. ಬರೆಯುವ ಕೈಗಳೇ ಇರಲಿಲ್ಲ. ಸ್ಪ್ಯಾನಿಷ್ ವಿಕಿಪೀಡಿಯಾ ಬಹಳ ದಿನ ಸೊರಗಿತು. ವಿಕಿಪೀಡಿಯಾದಲ್ಲಿ ಇವತ್ತಿಗೂ ಜಾಹೀರಾತಿಲ್ಲ.

ಹಾಗೆ ಹೊರನಡೆದವರು ತಾವು ಬರೆದದ್ದನ್ನೆಲ್ಲ ಹೊತ್ತುಕೊಂಡು ಹೋಗಲು ಆಗಿದ್ದು ಆ ಬರಹ ಮುಕ್ತ ಪರವಾನಗಿಯಲ್ಲಿ, ಅಂದರೆ ಯಾರು ಬೇಕಾದರೂ ನಕಲಿಸಿ ಬಳಸಬಹುದಾದ ಷರತ್ತಿನಲ್ಲಿ, ಇದ್ದದ್ದರಿಂದ. ಫೇಸ್‌ಬುಕ್‌ನಲ್ಲಿ ನಮ್ಮ ಫೋಟೊ, ಬರಹ ಇಳಿಸಿಕೊಳ್ಳಬಹುದು. ಆದರೆ ಗೆಳೆಯರ ಬಳಗವನ್ನು ಇನ್ನೊಂದು ತಾಣಕ್ಕೆ ಒಯ್ಯಲು ಬರುವುದಿಲ್ಲ. ಬೇಸರವಾದರೂ ಜನ ಅಲ್ಲೇ ಉಳಿಯುವುದು ಇದಕ್ಕೇ. ತಾಣಕ್ಕೆ ಬೆಲೆ ತಂದದ್ದೇ ಆ ಬಳಗ ಆಗಿರುವಾಗ ಇದು ಅನ್ಯಾಯ. ವಾಟ್ಸಾಪ್ ಬೇರೆ ಆ್ಯಪ್‌ಗಳ ಜೊತೆಗೂ ಸಂದೇಶ ಸಾಗಲು ದಾರಿ ಕೊಡಬೇಕು ಎಂದು ಯುರೋಪಿನ ಕಾನೂನು ಹೇಳುತ್ತದೆ. ನಮ್ಮಲ್ಲೂ ಅಂಥ ಕಾನೂನು ಬರಬೇಕು.