ಪದ ಪರಿಚಯ: ಪಿತೂರಿ ಸಿದ್ಧಾಂತ

1972ರ ಜೂನ್ 17ರ ನಸುಕಿನಲ್ಲಿ ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡದಲ್ಲಿ ಪೊಲೀಸರ ಕೈಗೆ ಐವರು ಸಿಕ್ಕಿಬಿದ್ದರು. ಅವರು ನುಗ್ಗಿದ್ದು ಡೆಮಾಕ್ರಟಿಕ್ ಪಕ್ಷದ ಕಚೇರಿಗೆ. ಕದ್ದು ಕೇಳುವ ಸಲಕರಣೆ ಅವರ ಬಳಿ ಇತ್ತು. ಅವರ ಹಿಂದಿದ್ದವರು ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಚುನಾವಣಾ ಸಮಿತಿಯವರು. ಆಮೇಲೆ ಬಾಯಿ ಮುಚ್ಚಿಸಲು ಹಣ ಹರಿಯಿತು, ತನಿಖೆಯ ದಾರಿ ತಪ್ಪಿಸುವ ಪ್ರಯತ್ನ ನಡೆಯಿತು. ಪತ್ರಕರ್ತರು ಬಿಡಲಿಲ್ಲ, ನ್ಯಾಯಾಲಯ ಬಿಡಲಿಲ್ಲ, ಸೆನೆಟ್ ಸಮಿತಿಯೂ ಬಿಡಲಿಲ್ಲ. ಕೊನೆಗೆ ನಿಕ್ಸನ್ ಅವರ ಕಚೇರಿಯ ಮಾತುಕತೆಯ ಟೇಪುಗಳೇ ಸಾಕ್ಷಿಯಾದವು. 1974ರ ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು.

ಇದು ಪಿತೂರಿ. ಕೆಲವರು ಗುಟ್ಟಾಗಿ ಸೇರಿ ತಪ್ಪು ಕೆಲಸ ಮಾಡಿದರು, ಅದನ್ನು ಮುಚ್ಚಿಡಲು ನೋಡಿದರು. ಇಂಥದ್ದು ಜಗತ್ತಿನಲ್ಲಿ ನಡೆಯುತ್ತದೆ, ಅನುಮಾನವೇ ಬೇಡ.

ಪಿತೂರಿ ಸಿದ್ಧಾಂತ ಎಂದು ನಾವು ಕರೆಯುವುದು ಬೇರೆಯದನ್ನು. ಒಂದು ದೊಡ್ಡ ಘಟನೆ ನಡೆಯುತ್ತದೆ: ಯುದ್ಧ, ಸಾಂಕ್ರಾಮಿಕ ರೋಗ, ನಾಯಕನೊಬ್ಬನ ಕೊಲೆ. ಅದಕ್ಕೆ ಪುರಾವೆ ಇರುವ ಸರಳ ವಿವರಣೆ ಸಿಗುತ್ತದೆ. ಆದರೂ ಅದನ್ನು ಪಕ್ಕಕ್ಕೆ ತಳ್ಳಿ, 'ಇದನ್ನೆಲ್ಲ ಬಲಾಢ್ಯರ ಒಂದು ಗುಪ್ತ ಗುಂಪು ಬೇಕಂತಲೇ ಮಾಡಿಸಿದೆ, ನಿಜವನ್ನು ಮುಚ್ಚಿಟ್ಟಿದೆ' ಎಂದು ಹೇಳುವ ಕಥೆಯೇ ಪಿತೂರಿ ಸಿದ್ಧಾಂತ. ಅದರಲ್ಲಿ ಆಕಸ್ಮಿಕಕ್ಕೆ ಜಾಗವಿಲ್ಲ, ಪೆದ್ದುತನಕ್ಕೂ ಜಾಗವಿಲ್ಲ. ನಡೆದದ್ದೆಲ್ಲ ಯಾರೋ ಅಂದುಕೊಂಡಂತೆಯೇ ನಡೆದಿರುತ್ತದೆ.

ತತ್ವಜ್ಞಾನಿ ಕಾರ್ಲ್ ಪಾಪರ್ 1945ರಲ್ಲಿ ಈ ಯೋಚನಾಕ್ರಮದ ಮೇಲೆ ನೇರವಾಗಿ ಕೈಯಿಟ್ಟರು. ಯುದ್ಧ, ನಿರುದ್ಯೋಗ, ಬಡತನದಂಥ ಕೆಡುಕುಗಳೆಲ್ಲ ಯಾರದೋ ಸಂಚಿನ ಫಲ ಎಂದು ಜನ ನಂಬುತ್ತಾರೆ. ಆದರೆ ಸಮಾಜದಲ್ಲಿ ಬಹುಪಾಲು ಸಂಗತಿಗಳು ಯಾರೂ ಬಯಸದೇ ಆಗುವಂಥವು, ಸಾವಿರಾರು ಜನರ ಬೇರೆ ಬೇರೆ ನಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಹುಟ್ಟುವಂಥವು ಎಂದು ಅವರು ವಾದಿಸಿದರು. ಸಂಚುಗಳೇ ಇಲ್ಲ ಎಂದು ಅವರು ಹೇಳಲಿಲ್ಲ. ಅಂದುಕೊಂಡಂತೆ ಗೆಲ್ಲುವ ಸಂಚು ಅಪರೂಪ ಎಂದರು, ಅಷ್ಟೇ.

ಈ ಪದದ ಸುತ್ತಲೂ ಒಂದು ಪಿತೂರಿ ಕಥೆ ಇದೆ. ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಬಗ್ಗೆ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎ 1960ರ ದಶಕದಲ್ಲಿ ಈ ಪದವನ್ನು ಹುಟ್ಟುಹಾಕಿತು ಎಂಬುದು ಆ ಕಥೆ. ಆ ಟೀಕಾಕಾರರಿಗೆ ಉತ್ತರ ಹೇಗೆ ಕೊಡಬೇಕು ಎಂಬ ಸಿಐಎ ಸುತ್ತೋಲೆಯೊಂದು 1967ರದ್ದು ಇರುವುದು ನಿಜ. ಆದರೆ ಪದ ಅದಕ್ಕಿಂತ ತುಂಬಾ ಹಳೆಯದು. 19ನೇ ಶತಮಾನದ ಇಂಗ್ಲಿಷ್ ಪತ್ರಿಕೆಗಳಲ್ಲೇ ಅದು ಸಿಗುತ್ತದೆ.

ಹಾಗಾದರೆ ನಿಜವಾದ ಪಿತೂರಿಗೂ ಪಿತೂರಿ ಸಿದ್ಧಾಂತಕ್ಕೂ ಗೆರೆ ಎಳೆಯುವುದು ಎಲ್ಲಿ? ಅಧಿಕಾರದಲ್ಲಿರುವವರ ಮೇಲೆ ಅನುಮಾನ ಪಡುವುದರಲ್ಲಿ ತಪ್ಪೇನೂ ಇಲ್ಲ. ಪುರಾವೆ ಬಂದಾಗ ಆ ಅನುಮಾನ ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ಅಮೆರಿಕದ ಟಸ್ಕೀಗಿ ಎಂಬಲ್ಲಿ ನಡೆದದ್ದನ್ನು ನೋಡಿ. 1932ರಿಂದ 1972ರವರೆಗೆ, ಅಂದರೆ 40 ವರ್ಷ, ಸರ್ಕಾರದ ಆರೋಗ್ಯ ಇಲಾಖೆಯೇ ಸುಮಾರು 600 ಕಪ್ಪು ಜನರ ಮೇಲೆ ಒಂದು ಅಧ್ಯಯನ ನಡೆಸಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಅವರಿಗೆ ರೋಗದ ಹೆಸರನ್ನೂ ಸರಿಯಾಗಿ ಹೇಳಲಿಲ್ಲ. 1940ರ ದಶಕದ ಕೊನೆಗೆ ಅದನ್ನು ಗುಣಪಡಿಸುವ ಪೆನಿಸಿಲಿನ್ ಎಲ್ಲೆಡೆ ಸಿಗುವಂತಾದ ಮೇಲೂ ಕೊಡಲಿಲ್ಲ. ಔಷಧಿ ಇಲ್ಲದೆ ರೋಗ ದೇಹವನ್ನು ಏನು ಮಾಡುತ್ತದೆ ಎಂದು ಸುಮ್ನೆ ನೋಡುತ್ತಾ ಕೂತರು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದೇ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಪೀಟರ್ ಬಕ್ಸ್‌ಟನ್ 1966ರಿಂದ ಒಳಗೊಳಗೇ ಆಕ್ಷೇಪ ಎತ್ತಿದರು. ಯಾರೂ ಕಿವಿಗೊಡಲಿಲ್ಲ. ಕಡೆಗೆ ಅವರು ಕೊಟ್ಟ ಮಾಹಿತಿ 1972ರ ಜುಲೈನಲ್ಲಿ ಅಸೋಸಿಯೇಟೆಡ್ ಪ್ರೆಸ್ ವರದಿಯಾಗಿ ಹೊರಬಂತು. 1997ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದರು.

ಇಲ್ಲಿ ಹೆಸರುಗಳಿವೆ, ದಾಖಲೆಗಳಿವೆ, ತಾರೀಕುಗಳಿವೆ. ತಪ್ಪು ಮಾಡಿದವರು ಯಾರು, ಯಾವಾಗ, ಏನು ಮಾಡಿದರು ಎಂದು ಬೆರಳಿಟ್ಟು ತೋರಿಸಬಹುದು. ಆರೋಪ ಸುಳ್ಳಾಗಿದ್ದರೆ ಅದೂ ಗೊತ್ತಾಗುತ್ತಿತ್ತು.

ಈಗ ಚಂದ್ರನ ಮೇಲೆ ಮನುಷ್ಯ ಇಳಿಯಲೇ ಇಲ್ಲ ಎಂಬ ವಾದಕ್ಕೆ ಬನ್ನಿ. 1969ರಿಂದ 1972ರವರೆಗೆ ಆರು ಸಲ ಒಟ್ಟು 12 ಮಂದಿ ಅಲ್ಲಿ ಇಳಿದರು, 382 ಕಿಲೋ ಕಲ್ಲು ಮಣ್ಣು ತಂದರು. ಆ ಕಲ್ಲುಗಳನ್ನು ಹಲವು ದೇಶಗಳ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಅಲ್ಲಿಟ್ಟು ಬಂದ ಪ್ರತಿಫಲಕಗಳಿಗೆ ಇವತ್ತಿಗೂ ಲೇಸರ್ ಬಿಟ್ಟು ಚಂದ್ರನ ದೂರ ಅಳೆಯುತ್ತಾರೆ. 2009ರಲ್ಲಿ ಹಾರಿದ ನಾಸಾ ನೌಕೆಯೊಂದು ಆ 12 ಮಂದಿ ಇಳಿದ ಜಾಗಗಳ ಚಿತ್ರ ತೆಗೆದಿದೆ. ನಂಬದವರ ಉತ್ತರ? ಚಿತ್ರವನ್ನೂ ನಾಸಾ ಸೃಷ್ಟಿಸಿದೆ. ಹಾಗಾದರೆ ಆಗಿನ ಪ್ರತಿಸ್ಪರ್ಧಿ ಸೋವಿಯತ್ ಒಕ್ಕೂಟ ಯಾಕೆ ಸುಮ್ಮನಿತ್ತು? ಅವರೂ ಶಾಮೀಲು. ಕಲ್ಲು ನೋಡಿದ ವಿಜ್ಞಾನಿಗಳು? ಅವರೂ ಶಾಮೀಲು. ಅಪೋಲೋ ಯೋಜನೆಗೆ ದುಡಿದವರೇ ಸುಮಾರು 4 ಲಕ್ಷ ಜನ. ಪ್ರತಿ ಪ್ರಶ್ನೆಗೂ ಸಂಚುಗಾರರ ಗುಂಪು ದೊಡ್ಡದಾಗುತ್ತಾ ಹೋಗುತ್ತದೆ, ಕಥೆ ಮಾತ್ರ ಒಂದಿಂಚೂ ಅಲುಗುವುದಿಲ್ಲ. ಪುರಾವೆ ಇಲ್ಲದಿರುವುದೇ 'ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಾರೆ' ಎಂಬುದಕ್ಕೆ ಪುರಾವೆಯಾಗುತ್ತದೆ. ಯಾವ ಉತ್ತರದಿಂದಲೂ ಸೋಲದ ಕಥೆ ಇದು. ಪಿತೂರಿ ಸಿದ್ಧಾಂತದ ಗುರುತು ನನ್ನ ಪ್ರಕಾರ ಇದೇ, ಉಳಿದ ಲಕ್ಷಣಗಳೆಲ್ಲ ಆಮೇಲೆ.

ಇದನ್ನು ನಂಬುವವರು ದಡ್ಡರು ಎಂದುಕೊಂಡರೆ ವಿಷಯ ಅರ್ಥವೇ ಆಗುವುದಿಲ್ಲ. ಓದಿದವರೂ ನಂಬುತ್ತಾರೆ. ಪರಿಸ್ಥಿತಿ ಕೈಮೀರಿದೆ ಅನ್ನಿಸಿದಾಗ ಮನಸ್ಸು ಎಲ್ಲೆಲ್ಲೂ ಸಂಬಂಧ ಹುಡುಕಲು ಶುರುಮಾಡುತ್ತದೆ. ಸಂಶೋಧಕರಾದ ಜೆನಿಫರ್ ವಿಟ್ಸನ್ ಮತ್ತು ಆಡಮ್ ಗಲಿನ್ಸ್ಕಿ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ಹೇಳಿದವು. ಹಿಡಿತ ತಪ್ಪಿದ ಭಾವನೆ ಮೂಡಿಸಿದಾಗ ಜನರಿಗೆ ಬರೀ ಚುಕ್ಕೆಗಳ ಚಿತ್ರದಲ್ಲೂ ಆಕಾರ ಕಂಡಿತು, ಸಾಮಾನ್ಯ ಘಟನೆಗಳಲ್ಲೂ ಸಂಚು ಕಂಡಿತು. ಕಾಯಿಲೆ, ಕೆಲಸ ಹೋಗುವ ಭಯ, ಯುದ್ಧ ಇವು ಸುತ್ತುವರಿದಾಗ ಇಂಥ ಕಥೆಗಳು ಜಾಸ್ತಿ ಹಿಡಿಸುವುದು ಇದಕ್ಕೇ.

ಇನ್ನೊಂದು ಕಾರಣ, ದೊಡ್ಡ ಪರಿಣಾಮಕ್ಕೆ ದೊಡ್ಡ ಕಾರಣವೇ ಇರಬೇಕು ಎಂಬ ನಮ್ಮ ಹಂಬಲ. 1963ರ ನವೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಗುಂಡೇಟಿಗೆ ಬಲಿಯಾದರು. ಲೀ ಹಾರ್ವಿ ಆಸ್ವಾಲ್ಡ್ ಎಂಬ 24 ವರ್ಷದ ಯುವಕ ಒಬ್ಬನೇ ಇದನ್ನು ಮಾಡಿದ ಎಂದು ಹತ್ಯೆಯ ತನಿಖೆ ನಡೆಸಿದ ವಾರನ್ ಆಯೋಗ ಹೇಳಿತು. ಜಗತ್ತನ್ನೇ ನಡುಗಿಸಿದ ಸಾವಿಗೆ ಇಷ್ಟು ಸಣ್ಣ ಕಾರಣವೇ? ಮನಸ್ಸು ಒಪ್ಪುವುದಿಲ್ಲ, ಅಲ್ವಾ. ಎರಡೇ ದಿನದಲ್ಲಿ ಆಸ್ವಾಲ್ಡ್‌ನನ್ನೂ ಪೊಲೀಸರ ಮಧ್ಯೆಯೇ ಕೊಂದದ್ದು ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು.

ಇವೆಲ್ಲ ಇಂಟರ್ನೆಟ್ ತಂದ ರೋಗ ಎನ್ನುವವರಿದ್ದಾರೆ. ಹಾಗಲ್ಲ. 1348ರ ಹೊತ್ತಿಗೆ ಯುರೋಪಿನಲ್ಲಿ ಪ್ಲೇಗ್ ಹಬ್ಬಿದಾಗ, ಯಹೂದಿಗಳು ಬಾವಿಗಳಿಗೆ ವಿಷ ಹಾಕಿದ್ದಾರೆ ಎಂಬ ಸುದ್ದಿ ಊರಿಂದೂರಿಗೆ ಓಡಿತು. ಯಹೂದಿಗಳೂ ಪ್ಲೇಗಿನಿಂದ ಸಾಯುತ್ತಿದ್ದಾರೆ, ಇದು ಸುಳ್ಳು ಎಂದು ಪೋಪ್ ಆರನೇ ಕ್ಲೆಮೆಂಟ್ ಸ್ವತಃ ಹೇಳಿದರು. ಯಾರೂ ಕೇಳಲಿಲ್ಲ. 1349ರ ಫೆಬ್ರುವರಿಯಲ್ಲಿ ಸ್ಟ್ರಾಸ್‌ಬರ್ಗ್‌ನ ನೂರಾರು ಯಹೂದಿಗಳನ್ನು ಸುಟ್ಟು ಕೊಂದರು. ಆ ಊರಿಗೆ ಆಗ ಪ್ಲೇಗ್ ಇನ್ನೂ ಬಂದೇ ಇರಲಿಲ್ಲ.

ಯಹೂದಿಗಳ ಮೇಲಿನ ಅದೇ ದ್ವೇಷ 1903ರಲ್ಲಿ ರಷ್ಯಾದಲ್ಲಿ ಅಚ್ಚಿನ ರೂಪ ಪಡೆಯಿತು. 'ಜಿಯೋನ್ ಹಿರಿಯರ ಪ್ರೋಟೋಕಾಲ್‌ಗಳು' ಎಂಬ ಹೆಸರಿನ ಆ ಬರಹ, ಯಹೂದಿ ನಾಯಕರು ಜಗತ್ತನ್ನು ಆಳಲು ಹೂಡಿದ ಸಂಚಿನ ದಾಖಲೆ ಎಂದು ಹೇಳಿಕೊಂಡಿತು. 1921ರಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆ ಅದರ ಬಣ್ಣ ಬಯಲು ಮಾಡಿತು. 1864ರಲ್ಲಿ ಫ್ರಾನ್ಸಿನ ದೊರೆಯನ್ನು ಟೀಕಿಸಿ ಬರೆದ, ಯಹೂದಿಗಳ ಮಾತೇ ಇಲ್ಲದ ಪುಸ್ತಕವೊಂದರಿಂದ ಸಾಲು ಸಾಲು ಕದ್ದು ಅದನ್ನು ಕಟ್ಟಲಾಗಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ಅಚ್ಚು ಹಾಕಿದರು. ಇದಕ್ಕಿಂತ ಪಕ್ಕಾ ಪುರಾವೆ ಬೇಕೆ? ಆದರೂ ಹಿಟ್ಲರನ ಜರ್ಮನಿಯಲ್ಲಿ ಅದು ಶಾಲೆಗಳಿಗೂ ಹೋಯಿತು. ಅಂಥ ದ್ವೇಷ ಎಲ್ಲಿಗೆ ಮುಟ್ಟಿತು ಎಂಬುದು ಗೊತ್ತೇ ಇದೆ.

ಒಂದು ಸುಳ್ಳನ್ನು ಬೇಕೆಂದೇ ಬಿತ್ತಿ ಬೆಳೆಸುವುದು ಹೇಗೆ ಎಂಬುದಕ್ಕೆ ಏಡ್ಸ್ ಕಥೆಯಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. 1983ರ ಜುಲೈನಲ್ಲಿ ದೆಹಲಿಯ 'ಪೇಟ್ರಿಯಟ್' ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಪತ್ರ ಬಂತು. ಬರೆದವರು ಅಮೆರಿಕದ ವಿಜ್ಞಾನಿ ಎಂದಷ್ಟೇ ಇತ್ತು. ಏಡ್ಸ್ ಅಮೆರಿಕದ ಸೇನಾ ಪ್ರಯೋಗದಿಂದ ಬಂದದ್ದು ಎಂದು ಅದು ಹೇಳಿತು. 1985ರಲ್ಲಿ ಸೋವಿಯತ್ ವಾರಪತ್ರಿಕೆಯೊಂದು ಇದನ್ನು ಎತ್ತಿಕೊಂಡಿತು, ಆಧಾರವಾಗಿ ಆ ದೆಹಲಿ ಪತ್ರಿಕೆಯನ್ನೇ ತೋರಿಸಿತು. ಅಲ್ಲಿಂದ ಹತ್ತಾರು ದೇಶಗಳ ಪತ್ರಿಕೆಗಳಿಗೆ ಹೋಯಿತು. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಇದರ ಹಿಂದಿತ್ತು ಎಂದು 1992ರಲ್ಲಿ ರಷ್ಯಾದ ವಿದೇಶಿ ಗುಪ್ತಚರ ಮುಖ್ಯಸ್ಥರಾಗಿದ್ದ ಯೆವ್ಗೆನಿ ಪ್ರಿಮಕೋವ್ ಒಪ್ಪಿಕೊಂಡರು. ಬೇರೆಯವರು ನಂಬಿದ ಕಥೆಯನ್ನು ಹೆಣೆದವರೇ ನಿಜವಾದ ಸಂಚುಗಾರರಾಗಿದ್ದರು.

ಈಗ ಬದಲಾಗಿರುವುದು ವೇಗ. ಕೆಜಿಬಿಗೆ ವರ್ಷಗಳು ಹಿಡಿದ ಕೆಲಸ ಇವತ್ತು ಮಧ್ಯಾಹ್ನದೊಳಗೆ ಮುಗಿಯುತ್ತದೆ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಓಡಾಡಿದ ಸುಮಾರು 1,26,000 ಸುದ್ದಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ನೋಡಿದರು. ನಿಜಕ್ಕಿಂತ ಸುಳ್ಳು ಹೆಚ್ಚು ದೂರ, ಹೆಚ್ಚು ಬೇಗ ಹೋಗಿತ್ತು. ಮರುಹಂಚಿಕೆಯಾಗುವ ಸಾಧ್ಯತೆ ಸುಳ್ಳಿಗೆ 70 ಶೇಕಡಾ ಹೆಚ್ಚು. ಹೀಗೆ ಹಬ್ಬಿಸಿದ್ದು ಮುಖ್ಯವಾಗಿ ಯಂತ್ರಗಳಲ್ಲ, ಮನುಷ್ಯರೇ. ಸುಳ್ಳು ಹೊಸದಾಗಿ ಕಾಣುತ್ತದೆ, ಬೆರಗು ಹುಟ್ಟಿಸುತ್ತದೆ. ಕೈ ತಾನಾಗಿ ಫಾರ್ವರ್ಡ್ ಬಟನ್‌ಗೆ ಹೋಗುತ್ತದೆ. 2020ರ ಏಪ್ರಿಲ್‌ನಲ್ಲಿ ವಾಟ್ಸಾಪ್, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು ಎಂಬ ಮಿತಿ ಹಾಕಿತು. ಅಂಥ ಸಂದೇಶಗಳು 70 ಶೇಕಡಾ ಕಡಿಮೆಯಾದವು ಎಂದು ಅದೇ ತಿಂಗಳು ಕಂಪನಿ ಹೇಳಿತು. ಕಳಿಸುವುದಕ್ಕೆ ಒಂದಿಷ್ಟು ತೊಡಕಾದರೂ ಎಷ್ಟು ವ್ಯತ್ಯಾಸ ನೋಡಿ. ಆ ತಿಂಗಳೇ ಬ್ರಿಟನ್‌ನಲ್ಲಿ 5ಜಿ ಅಲೆಗಳಿಂದ ಕೊರೊನಾ ಹರಡುತ್ತದೆ ಎಂದು ನಂಬಿ ಮೊಬೈಲ್ ಟವರ್‌ಗಳಿಗೆ ಬೆಂಕಿ ಹಚ್ಚುತ್ತಿದ್ದರು.

ಇದರ ಹಿಂದೆ ಹಣವೂ ಇದೆ. 2012ರ ಡಿಸೆಂಬರ್ 14ರಂದು ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಬಂದೂಕುಧಾರಿಯೊಬ್ಬ 20 ಮಕ್ಕಳನ್ನೂ ಆರು ಮಂದಿ ಸಿಬ್ಬಂದಿಯನ್ನೂ ಕೊಂದ. ಆ ಮಕ್ಕಳ ವಯಸ್ಸು ಆರು, ಏಳು. ಇದೆಲ್ಲ ನಾಟಕ, ಅಳುತ್ತಿರುವ ತಂದೆ ತಾಯಿ ನಟರು ಎಂದು ಅಲೆಕ್ಸ್ ಜೋನ್ಸ್ ಎಂಬ ನಿರೂಪಕ ತನ್ನ ಕಾರ್ಯಕ್ರಮದಲ್ಲಿ ಮತ್ತೆ ಮತ್ತೆ ಹೇಳಿದ. ಜೊತೆಗೆ ಪೌಷ್ಟಿಕ ಪುಡಿ, ಮಾತ್ರೆಗಳ ಮಾರಾಟವೂ ನಡೆಯುತ್ತಿತ್ತು. ಮಕ್ಕಳನ್ನು ಕಳೆದುಕೊಂಡವರಿಗೆ ಕೊಲೆ ಬೆದರಿಕೆ ಬಂದವು, ಕೆಲವರು ಮನೆಗಳನ್ನೇ ಬದಲಿಸಬೇಕಾಯಿತು. 2022ರಲ್ಲಿ ಕನೆಕ್ಟಿಕಟ್‌ನ ಜ್ಯೂರಿ 96.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟಿತು. ಪಿತೂರಿ ಸಿದ್ಧಾಂತ ಬಲಾಢ್ಯರನ್ನು ಪ್ರಶ್ನಿಸುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಈ ತಂದೆ ತಾಯಿಗಳು ನೆನಪಾಗುತ್ತಾರೆ. ಪೆಟ್ಟು ಬೀಳುವುದು ಹೆಚ್ಚಾಗಿ ಆಗಲೇ ನೋವಿನಲ್ಲಿರುವವರಿಗೆ.

ನಿಜವಾದ ಪಿತೂರಿಗಳು ಈ ಕಥೆಗಳಿಗೆ ಗೊಬ್ಬರವಾಗುತ್ತವೆ ಎಂಬುದನ್ನೂ ಹೇಳಲೇಬೇಕು. 2011ರಲ್ಲಿ ಒಸಾಮ ಬಿನ್ ಲಾಡೆನ್ ಅಡಗಿದ್ದ ಜಾಗ ಖಚಿತಪಡಿಸಿಕೊಳ್ಳಲು ಸಿಐಎ ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ ಲಸಿಕೆಯ ಹೆಸರಿನಲ್ಲಿ ಒಂದು ಗುಪ್ತ ಅಭಿಯಾನ ಮಾಡಿಸಿತು. ವಿಷಯ ಹೊರಬಂದ ಮೇಲೆ ಅಲ್ಲಿ ಲಸಿಕೆಯ ಮೇಲಿದ್ದ ಅಪನಂಬಿಕೆ ಮತ್ತೂ ಬೆಳೆಯಿತು. ಪೋಲಿಯೊ ಹನಿ ಹಾಕಲು ಹೋದ ಕಾರ್ಯಕರ್ತರ ಕೊಲೆಗಳಾದವು. ಇನ್ನು ಲಸಿಕೆ ಕಾರ್ಯಕ್ರಮಗಳನ್ನು ಹೀಗೆ ಬಳಸುವುದಿಲ್ಲ ಎಂದು 2014ರಲ್ಲಿ ಶ್ವೇತಭವನ ಮಾತು ಕೊಡಬೇಕಾಯಿತು. 'ಪಿತೂರಿ ಸಿದ್ಧಾಂತ' ಎಂಬ ಹಣೆಪಟ್ಟಿ ಹಚ್ಚಿ ಎಲ್ಲ ಪ್ರಶ್ನೆಗಳನ್ನೂ ತಳ್ಳಿಹಾಕುವ ಅಧಿಕಾರಸ್ಥರು ಇದೇ ಅಪನಂಬಿಕೆಯನ್ನು ಬೆಳೆಸುತ್ತಾರೆ.

ನಂಬಿದವರ ಜೊತೆ ಮಾತಾಡಿ ಪ್ರಯೋಜನವಿಲ್ಲ ಎಂದು ತುಂಬಾ ಜನ ಕೈಚೆಲ್ಲುತ್ತಾರೆ. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಬೇರೆಯದೇ ಹೇಳುತ್ತದೆ. 2,000ಕ್ಕೂ ಹೆಚ್ಚು ಜನರಿಗೆ ತಾವು ನಂಬುವ ಪಿತೂರಿ ಕಥೆಯನ್ನೂ ಅದಕ್ಕೆ ತಮ್ಮ ಕಾರಣಗಳನ್ನೂ ಬರೆಯಲು ಹೇಳಿದರು. ನಂತರ ಒಂದು ಎಐ ಚಾಟ್‌ಬಾಟ್ ಆ ಕಾರಣಗಳಿಗೇ, ಒಂದೊಂದಾಗಿ, ಸಾಕ್ಷಿ ಸಮೇತ ಉತ್ತರ ಕೊಟ್ಟಿತು. ನಂಬಿಕೆ ಸರಾಸರಿ 20 ಶೇಕಡಾದಷ್ಟು ಇಳಿಯಿತು, ಎರಡು ತಿಂಗಳ ನಂತರವೂ ಆ ಇಳಿಕೆ ಹಾಗೇ ಉಳಿದಿತ್ತು. ಒಟ್ಟಾರೆ ಉಪದೇಶಕ್ಕಿಂತ ಅವರವರ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದೇ ಇಲ್ಲಿ ಕೆಲಸ ಮಾಡಿದಂತೆ ಕಾಣುತ್ತದೆ. ಕೆಲವರು ನಿಜವಾಗಿಯೂ ನಡೆದ ಪಿತೂರಿಗಳನ್ನು ಬರೆದಿದ್ದರು. ಅವುಗಳ ಮೇಲಿನ ಅವರ ನಂಬಿಕೆ ಆ ಮಾತುಕತೆಯಿಂದ ಕುಗ್ಗಲಿಲ್ಲ.